ಸಂಬಳದ ಎಸೆಗಾರ: ಪಾಲವಣಕರ ಬಾಳೂ

ನಮ್ಮ ಪ್ರಾಂತದ ಇತಿಹಾಸವನ್ನು ಬರೆಯಹೊರಟವರು ಬಾದಾಮಿಯ ಚಲುಕ್ಯರಿಂದ ಆರಂಭಿಸಿ, ಐಹೊಳೆ-ಪಟ್ಟದಕಲ್ಲುಗಳ ದೇವಾಲಯಗಳನ್ನು ವರ್ಣಿಸಿ, ಕೂಡಲಸಂಗಮದಲ್ಲಿ ಕೈಮುಗಿದು ಮುಂದಕ್ಕೆ ಸಾಗುವದು ವಾಡಿಕೆಯಾಗಿದೆ. ಅದು ಯುಕ್ತವೇ ಸರಿ. ಆದರೆ ಅರಸರ ಚರಿತ್ರೆಯ ಮಗ್ಗುಲಲ್ಲಿಯೇ ದುಡಿಯುವ ಕೈಗಳ ಚರಿತ್ರೆಯೂ ಒಂದುಂಟು. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಲೋಕಮಹಾದೇವಿಯು ತನ್ನ ಪತಿಯಾದ ಎರಡನೆಯ ವಿಕ್ರಮಾದಿತ್ಯನ ಕಂಚಿಯ ವಿಜಯದ ಸ್ಮರಣಾರ್ಥವಾಗಿ ಎತ್ತಿಸಿದಳೆಂಬದು ಎಲ್ಲರಿಗೂ ಗೊತ್ತು. ಅದೇ ದೇವಾಲಯದ ಶಾಸನದಲ್ಲಿ ಸೂತ್ರಧಾರಿಯಾದ ಗುಂಡ ಅನಿವಾರಿತಾಚಾರಿಯ ಹೆಸರೂ ಅವನಿಗೆ ಸಂದ ಮರ್ಯಾದೆಯೂ ಕಲ್ಲಿನಲ್ಲಿ ನಿಂತಿರುವದನ್ನು ನೋಡಿ ಬರುವವರು ಕೆಲವರೇ. ಕಟ್ಟಿಸಿದವರ ಹೆಸರಿನ ಜೊತೆಗೆ ಕಟ್ಟಿದವನ ಹೆಸರೂ ಉಳಿದದ್ದು ಅಪೂರ್ವ. ಇಳಕಲ್ಲಿನ ಸೀರೆಯನ್ನೇ ತೆಗೆದುಕೊಳ್ಳಿರಿ. ಸಾವಕಾರನಿಂದ ನೂಲು ಪಡೆದು, ನೆಯ್ದ ಸೀರೆಯನ್ನು ಅವನಿಗೇ ಒಪ್ಪಿಸಿ, ಸೀರೆಗಿಷ್ಟೆಂದು ಕೂಲಿ ಎಣಿಸಿಕೊಂಡು ಮನೆಗೆ ಹೋಗುವ ನೇಕಾರನ ಹೆಸರು ಸೆರಗಿನ ಯಾವ ತೆನೆಯಲ್ಲಿಯೂ ಇರುವದಿಲ್ಲ. ಸೀರೆ ಊರಿನ ಹೆಸರಿನಿಂದ ಪ್ರಸಿದ್ಧವಾಗುವದು, ಲಾಭ ಸಾವಕಾರನದಾಗುವದು.

ಇಂಥ ಕೂಲಿಯ ಕೈಯೊಂದರ ಚರಿತ್ರೆಯನ್ನು ವಾಚಕರ ಮುಂದಿಡುವದೇ ಈ ಲೇಖನದ ಉದ್ದೇಶ. ಆದರೆ ಈ ಕೈ ಉಳಿಯನ್ನು ಹಿಡಿದದ್ದಲ್ಲ, ಲಾಳಿಯನ್ನು ಓಡಿಸಿದ್ದಲ್ಲ; ಚೆಂಡನ್ನು ಎಸೆದದ್ದು. ಅಮರಕೋಶವನ್ನು ಉರುಹಾಕಿ ಬೆಳೆದ ಮುದುಕನಿಗೆ ಈ ಕ್ರಿಕೆಟ್ಟಿನ ಗೊಡವೆ ಏಕೆಂದು ಕೆಲವರು ನಗಬಹುದು. ನಗಲಿ. ಚರಿತ್ರೆಯು ರಾಜಸಭೆಯಲ್ಲಿ ಮಾತ್ರ ನಡೆಯುವದೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಹುಲ್ಲಿನ ಬಯಲಿನಲ್ಲಿ, ಇಪ್ಪತ್ತೆರಡು ಗಜದ ಅಂಕಣದ ಮೇಲೆ ನಡೆದ ಚರಿತ್ರೆ ಇದು.

ಪಾಲವಣಕರ ಬಾಳೂ ಅವರು ೧೮೭೬ನೆಯ ಇಸವಿ ಮಾರ್ಚ್ ೧೯ರಂದು ಧಾರವಾಡದಲ್ಲಿ ಹುಟ್ಟಿದರೆಂದು ಕ್ರಿಕೆಟ್ಟಿನ ದಾಖಲೆಗಳು ಹೇಳುತ್ತವೆ. ಆಗ ಧಾರವಾಡವೂ, ಬಾಗಲಕೋಟೆ-ಬಾದಾಮಿ-ಹುನಗುಂದ ತಾಲೂಕುಗಳನ್ನೊಳಗೊಂಡ ನಮ್ಮ ಕಲಾದಗಿ ಜಿಲ್ಲೆಯೂ ಮುಂಬಯಿ ಇಲಾಖೆಗೆ ಸೇರಿದ್ದವು. ಒಂದೇ ದಕ್ಷಿಣ ವಿಭಾಗದ ಅಕ್ಕಪಕ್ಕದ ಜಿಲ್ಲೆಗಳು. ಅವರ ಮನೆತನದ ಹೆಸರು ಕೊಂಕಣದ ಪಾಲವಣ ಎಂಬ ಹಳ್ಳಿಯಿಂದ ಬಂದದ್ದು. ಚರ್ಮದ ಕೆಲಸವನ್ನು ಕುಲವೃತ್ತಿಯಾಗಿ ಹೊತ್ತಿದ್ದ, ಆ ಕಾಲದವರು ಅಸ್ಪೃಶ್ಯವೆಂದು ದೂರವಿರಿಸಿದ್ದ ಚಾಂಭಾರ ಸಮಾಜ ಅವರದು. ತಂದೆಗೆ ಸೈನ್ಯದ ಚಾಕರಿ. ಆದ್ದರಿಂದ ಬಾಲ್ಯವೆಲ್ಲ ಪುಣೆಯಲ್ಲಿ ಕಳೆಯಿತು. ಹುಟ್ಟಿದ ಊರನ್ನೇ ಆಧಾರ ಮಾಡಿಕೊಂಡು ಅವರನ್ನು ಅಚ್ಚ ಕನ್ನಡಿಗರೆಂದು ಸಾಧಿಸುವ ಹಟ ನನಗಿಲ್ಲ. ಗಡಿಯ ಈಚೆಗೆ ಹುಟ್ಟಿ ಆಚೆಗೆ ಬಾಳಿದವರು ನಮ್ಮಲ್ಲಿ ಸಾವಿರಾರು ಜನ. ಅವರನ್ನು ಎರಡೂ ಕಡೆಯವರು ಎಳೆದಾಡುವದಕ್ಕಿಂತ ಎರಡೂ ಕಡೆಯವರು ನೆನೆಯುವದು ಒಳ್ಳೆಯದು. ಧಾರವಾಡದ ಮಣ್ಣು ಅವರನ್ನು ಮೊದಲು ಹೊತ್ತಿತೆಂಬಷ್ಟು ಸಂಬಂಧವೇ ನಮಗೆ ಸಾಕು.

ಸೈನ್ಯದ ಅಧಿಕಾರಿಗಳು ಬಿಸಾಡಿದ ಹಳೆಯ ದಾಂಡು-ಚೆಂಡುಗಳಿಂದ ಬಾಳೂ ಅವರೂ ತಮ್ಮನಾದ ಶಿವರಾಮನೂ ಆಟವನ್ನು ಕಲಿತರು. ಮೊದಲ ಉದ್ಯೋಗ ಪುಣೆಯ ಪಾರಸಿಗಳ ಒಂದು ಕ್ಲಬ್ಬಿನಲ್ಲಿ. ಅಂಕಣವನ್ನು ಗುಡಿಸುವದು, ಉರುಳಿನಿಂದ ಸಮಮಾಡುವದು, ನಡುನಡುವೆ ಸದಸ್ಯರ ಅಭ್ಯಾಸಕ್ಕೆ ಚೆಂಡು ಎಸೆದುಕೊಡುವದು. ಪಗಾರ ತಿಂಗಳಿಗೆ ೩ ರೂಪಾಯಿ. ೧೮೯೨ರ ಸುಮಾರಿಗೆ ಬಿಳಿಯರ ಪೂನಾ ಕ್ಲಬ್ಬಿಗೆ ಹೋದರು. ಪಗಾರ ೪ ರೂಪಾಯಿ ಆಯಿತು. ಅಲ್ಲಿ ಬಲೆ ಕಟ್ಟುವ, ಉರುಳನ್ನೆಳೆಯುವ, ಟೆನ್ನಿಸ್ ಅಂಗಳಕ್ಕೆ ಸುಣ್ಣದ ಗೆರೆ ಹಾಕುವ ಕೆಲಸಗಳ ಜೊತೆಗೆ, ಬ್ಯಾಟು ಹಿಡಿದು ಬಂದ ದೊರೆಗಳಿಗೆ ಗಂಟೆಗಟ್ಟಲೆ ಚೆಂಡೆಸೆಯುವ ಕೆಲಸವೂ ಅಂಟಿಕೊಂಡಿತು. ದೊರೆಗಳಲ್ಲಿ ಜೆ. ಜಿ. ಗ್ರೇಗ್ ಎಂಬ ಸೈನ್ಯಾಧಿಕಾರಿಯು ಆಗಿನ ಹಿಂದುಸ್ಥಾನದ ಬಿಳಿಯ ದಾಂಡಿಗರಲ್ಲಿ ಅಗ್ರಗಣ್ಯನು. ಅವನು ಮುಂಜಾನೆ ಎಲ್ಲರಿಗಿಂತ ಮುಂಚೆ ಬಂದು ಬಾಳೂ ಅವರ ಎಸೆತಗಳಿಗೆ ಇದಿರಾಗಿ ಅಭ್ಯಾಸ ಮಾಡುತ್ತಿದ್ದನು. ತನ್ನನ್ನು ಔಟು ಮಾಡಿದ ಪ್ರತಿ ಸಲಕ್ಕೂ ಎಂಟಾಣೆ ಕೊಡುತ್ತಿದ್ದನೆಂದು ಒಂದು ಐತಿಹ್ಯವಿದೆ. ಐತಿಹ್ಯಕ್ಕೆ ಐತಿಹ್ಯದಷ್ಟೇ ಬೆಲೆ. ಆದರೂ ಲೆಕ್ಕ ಹಾಕಿ ನೋಡಿದರೆ ಎಂಟು ಸಲ ಔಟಾದರೆ ಒಂದು ತಿಂಗಳ ಪಗಾರವಾಗುವದು.

ಒಂದು ಮಾತನ್ನು ಇಲ್ಲಿ ಗಮನಿಸತಕ್ಕದ್ದು. ಪೂನಾ ಕ್ಲಬ್ಬಿನಲ್ಲಿ ಅವರಿಗೆ ಸಾವಿರ ಸಾವಿರ ಚೆಂಡುಗಳನ್ನು ಎಸೆಯುವ ಅವಕಾಶವಿತ್ತು. ಬ್ಯಾಟು ಹಿಡಿಯುವ ಅವಕಾಶವಿರಲಿಲ್ಲ. ಹೊಡೆಯುವದು ಯಜಮಾನರ ವಿನೋದ. ಎಸೆಯುವದು ಆಳಿನ ಕೆಲಸ. ನಮ್ಮ ಪಾಠಶಾಲೆಗಳಲ್ಲಿ ಗುರುವು ಕಸ ಹೊಡೆಸಿ, ನೀರು ಹೊರಿಸಿ, ಆ ಮೇಲೆ ಒಂದು ಸೂತ್ರವನ್ನು ಹೇಳಿಕೊಡುತ್ತಿದ್ದನಷ್ಟೆ. ಇಲ್ಲಿ ಸೂತ್ರ ಹೇಳುವ ಗುರುವೇ ಇಲ್ಲ. ಬೇರೊಬ್ಬನ ಅಭ್ಯಾಸಕ್ಕಾಗಿ ಎಸೆಯುತ್ತ ಎಸೆಯುತ್ತ, ಇದಿರಿನವನ ಪಾದ ಯಾವಾಗ ಮುಂದೆ ಬರುವದು, ಯಾವ ಚೆಂಡಿಗೆ ಮೊಣಕೈ ತಡವರಿಸುವದು ಎಂಬದನ್ನು ಆ ಹುಡುಗ ತಾನೇ ಕಂಡುಕೊಂಡನು. ವರ್ಷಗಟ್ಟಲೆ ನಡೆದ ಆ ಆವೃತ್ತಿಯೇ ಅವರ ವಿದ್ಯೆ.

ಆ ವಿದ್ಯೆಯ ಸ್ವರೂಪವನ್ನು ಆಟವನ್ನರಿಯದ ವಾಚಕರಿಗಾಗಿ ಸ್ವಲ್ಪ ಬಿಡಿಸಿ ಹೇಳುವೆನು. ಬಾಳೂ ಅವರು ಎಡಗೈಯಿಂದ ನಿಧಾನವಾಗಿ ಎಸೆಯುವವರು. ವೇಗದಿಂದ ಹೆದರಿಸುವದು ಈ ಮಾರ್ಗವಲ್ಲ, ಸಂದೇಹದಿಂದ ಕೆಡಿಸುವದು. ಬೆರಳುಗಳ ತಿರುವಿನಿಂದ ಹೊರಟ ಚೆಂಡು ಗಾಳಿಯಲ್ಲಿ ಒಂದು ಕ್ಷಣ ತೂಗಿದಂತೆ ತೋರಿ, ದಾಂಡಿಗನು ಎಣಿಸಿದ್ದಕ್ಕಿಂತ ಒಂದು ಗೇಣು ಹಿಂದೆ ನೆಲಕ್ಕೆ ಬೀಳುವದು. ಬಿದ್ದ ಮೇಲೆ ಬಲಗೈ ದಾಂಡಿಗನ ದಾಂಡಿನ ಅಂಚಿನಿಂದ ಹೊರಕ್ಕೆ ಸರಿಯುವದು. ನಾಲ್ಕು ಚೆಂಡು ಹೀಗೆ ಹೊರಕ್ಕೆ ಸರಿದ ಮೇಲೆ ಐದನೆಯದು ಅದೇ ಕೈಯ ಆಟದಿಂದ ಬಂದು ನೆಟ್ಟಗೆ ಒಳಗೇ ನುಗ್ಗಿದರೆ, ಜಾಣನಾದವನೂ ಮೋಸ ಹೋಗುವನು. ಮಳೆಬಿದ್ದ ಅಂಕಣವನ್ನು ಮುಚ್ಚಿಡುವ ಪದ್ಧತಿ ಆಗ ಇರಲಿಲ್ಲ. ತೊಯ್ದ ನೆಲವು ಬಿಸಿಲಿಗೆ ಅರೆಯಾಗಿ ಒಣಗಿದಾಗ ಇಂಥ ಎಸೆಗಾರನನ್ನು ತಡೆಯುವದು ಹೆಚ್ಚುಕಡಿಮೆ ಅಸಾಧ್ಯವೇ ಆಗುತ್ತಿತ್ತು. ಬಾಳೂ ಅವರು ಚೆಂಡನ್ನು ಎರಡೂ ಕಡೆಗೆ ತಿರುಗಿಸಬಲ್ಲವರಾಗಿದ್ದರೆಂದೂ, ದಿನವಿಡೀ ದಣಿಯದೆ ಒಂದೇ ಜಾಗಕ್ಕೆ ಎಸೆಯಬಲ್ಲವರಾಗಿದ್ದರೆಂದೂ ಅವರನ್ನು ನೋಡಿದವರು ಬರೆದಿಟ್ಟಿದ್ದಾರೆ. ಉರುಳು ಎಳೆದ ಕೈಗೆ ನೆಲದ ಗುಣ ತಿಳಿಯದೆ ಇದ್ದೀತೆ?

ಸಂಬಳಕ್ಕೆ ಆಡುವವನನ್ನು ಕೀಳಾಗಿ ಕಾಣುವದು ನಮ್ಮ ದೇಶದಲ್ಲಿ ಮಾತ್ರ ಹುಟ್ಟಿದ ರೋಗವಲ್ಲ. ಅಮೇರಿಕೆಯಲ್ಲಿ ೧೮೬೯ರಷ್ಟು ಹಿಂದೆಯೇ ಸಿನ್ಸಿನಾಟಿಯ ಬೇಸ್‌ಬಾಲ್ ತಂಡವು ತನ್ನ ಎಲ್ಲ ಆಟಗಾರರಿಗೂ ಬಹಿರಂಗವಾಗಿ ಸಂಬಳ ಕೊಟ್ಟಿತು. ಅಲ್ಲಿಂದ ಮುಂದೆ ಆ ದೇಶದ ಎಸೆಗಾರನು ಒಂದು ಊರಿನ ತಂಡವನ್ನು ಬಿಟ್ಟು ಇನ್ನೊಂದನ್ನು ಸೇರುತ್ತ ಹೊಟ್ಟೆಹೊರೆಯುವದು ಸಾಮಾನ್ಯ ಉದ್ಯೋಗವಾಯಿತು. ಇಂಗ್ಲಂಡವು ಹಾಗೆ ಮಾಡಲಿಲ್ಲ. ಅಲ್ಲಿ ಸಂಬಳವಿಲ್ಲದೆ ಆಡುವವನು ‘ಜಂಟಲ್‌ಮನ್’, ಸಂಬಳಕ್ಕೆ ಆಡುವವನು ಬರಿಯ ‘ಪ್ಲೇಯರ್’. ಇಬ್ಬರಿಗೂ ಬಟ್ಟೆ ಬದಲಿಸುವ ಕೋಣೆಗಳು ಬೇರೆ, ಮೈದಾನಕ್ಕೆ ಇಳಿಯುವ ಬಾಗಿಲು ಬೇರೆ. ಆಟದ ಪಟ್ಟಿಯಲ್ಲಿ ಮೊದಲಿನವನ ಹೆಸರಿನ ಅಕ್ಷರಗಳು ಮುಂದೆ, ಎರಡನೆಯವನವು ಹಿಂದೆ! ಈ ಭೇದವನ್ನು ೧೯೬೨ರಲ್ಲಿ ತೆಗೆದುಹಾಕುವವರೆಗೂ ಸಾಕಿದರು. ಯಾರ್ಕ್‌ಶಯರಿನ ವಿಲ್ಫ್ರೆಡ್ ರೋಡ್ಸ್ ಎಂಬವನು ಬಾಳೂ ಅವರಿಗಿಂತ ಒಂದು ವರ್ಷ ಚಿಕ್ಕವನು. ಅವನೂ ಎಡಗೈಯ ನಿಧಾನ ಎಸೆಗಾರ, ಅವನೂ ಸಂಬಳದವನು. ೪೨೦೪ ಬಲಿಗಳನ್ನು ಪಡೆದ ಅವನಷ್ಟು ಬಲಿ ಪಡೆದವರು ಲೋಕದಲ್ಲಿ ಇನ್ನೊಬ್ಬರಿಲ್ಲ. ಆದರೂ ಇಂಗ್ಲಂಡಿನ ನಾಯಕತ್ವವು ಅವನಿಗೆ ಸಿಗಲಿಲ್ಲ. ಇಪ್ಪತ್ತನೆಯ ಶತಮಾನದ ಪದ್ಧತಿಯನ್ನು ಮುರಿದು ೧೯೫೨ರಲ್ಲಿ ಲೆನ್ ಹಟನ್ ನಾಯಕನಾದಾಗಲೇ ಸಂಬಳದ ಆಟಗಾರನಿಗೆ ಆ ಮರ್ಯಾದೆ ದೊರೆತದ್ದು. ರೋಡ್ಸನನ್ನು ಹೊರಬಾಗಿಲಿಗೆ ಕಳಿಸಿದ್ದು ಅವನ ಸಂಬಳ. ನಮ್ಮವರನ್ನು ಹೊರಗಿಟ್ಟದ್ದು ಸಂಬಳವೊಂದೇ ಅಲ್ಲ.

ಪುಣೆಯ ಹಿಂದೂಗಳಿಗೆ ಬಿಳಿಯರನ್ನು ಆಟದಲ್ಲಿ ಸೋಲಿಸಬೇಕೆಂಬ ಆಸೆ ಹುಟ್ಟಿತು. ಬಿಳಿಯರನ್ನು ಸೋಲಿಸಬಲ್ಲ ಎಸೆಗಾರನು ಬಿಳಿಯರ ಕ್ಲಬ್ಬಿನಲ್ಲಿಯೇ ಗೆರೆ ಹಾಕುತ್ತಿದ್ದನು. ಕರೆಯಬೇಕೆ, ಕರೆಯಬಾರದೆ? ತಂಡದ ತೆಲುಗು ಸದಸ್ಯರು ಕರೆಯಬೇಕೆಂದರು. ಬ್ರಾಹ್ಮಣ ಸದಸ್ಯರು ಹಿಂದೆಗೆದರು. ಗ್ರೇಗ್ ದೊರೆಯು, ಹಿಂದೂಗಳು ಈತನನ್ನು ಬಿಟ್ಟರೆ ಮೂರ್ಖರೆಂಬ ಅರ್ಥದ ಮಾತನ್ನು ಬಹಿರಂಗವಾಗಿ ಆಡಿದ ಮೇಲೆ ವಾದ ಮುಗಿದು ಅವರನ್ನು ಕರೆದರು. ಆದರೆ ಕರೆದ ಬಗೆಯನ್ನು ನೋಡಿರಿ. ಬಯಲಿನಲ್ಲಿ ಎಲ್ಲರೂ ಅದೇ ಚೆಂಡನ್ನು ಮುಟ್ಟಿದರು. ಚಹದ ಹೊತ್ತಿಗೆ ಉಳಿದವರು ಪೆವಿಲಿಯನ್ನಿನ ಒಳಗೆ ಕುಳಿತರೆ ಬಾಳೂ ಅವರಿಗೆ ಹೊರಗೆ, ಕುಡಿದು ಒಡೆದು ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ ಚಹ. ಊಟಕ್ಕೆ ಬೇರೆ ತಟ್ಟೆ, ಬೇರೆ ಮೇಜು. ಮೋರೆ ತೊಳೆಯಬೇಕಾದರೆ ಅವರಂತೆಯೇ ಅಸ್ಪೃಶ್ಯನೆನಿಸಿದ ಆಳು ಬಯಲಿನ ಮೂಲೆಗೆ ನೀರು ತಂದು ಹೊಯ್ಯಬೇಕು.

ಧರ್ಮಶಾಸ್ತ್ರದ ಶುದ್ಧಿಪ್ರಕರಣವನ್ನು ಓದಿದವನಿಗೆ ಇಲ್ಲಿ ಸಂಶಯವೇಳದೆ ಇರದು. ಆ ಚೆಂಡೇನು? ಹೊಲಿದ ತೊಗಲು. ಯಾವ ಪಶುವಿನ ತೊಗಲೆಂಬದನ್ನು ಹೇಳಬೇಕಾಗಿಲ್ಲ. ಅದನ್ನು ಹದಮಾಡಿ ಹೊಲಿದವರು ಯಾವ ಕುಲದವರೋ ಕೇಳಿದವರಿಲ್ಲ. ಆ ಚೆಂಡನ್ನು ದಿನವಿಡೀ ಉಜ್ಜಿ, ಬೆವರು ಸವರಿ, ಕೈಯಿಂದ ಕೈಗೆ ಎಸೆದು ಆಡಿದವರು ಒಳಗೆ ಹೋಗಿ ಚಹ ಕುಡಿದರು. ಆ ಚೆಂಡಿನಿಂದ ಏಳು ಬಲಿ ಕೊಟ್ಟವನ ಬಾಯಿ ತಾಗಿದ ಕುಡಿಕೆ ಮಾತ್ರ ಒಡೆಯಬೇಕಾಯಿತು. ಕೆಲಸದಲ್ಲಿರುವ ಕುಶಲಕರ್ಮಿಯ ಕೈಯನ್ನು ಯಾವಾಗಲೂ ಶುದ್ಧವೆಂದೇ ಎಣಿಸತಕ್ಕದ್ದೆಂಬ ಅಭಿಪ್ರಾಯವು ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿಯೇ ಇದೆ. ಕೈಯ ದುಡಿಮೆ ಬೇಕಾದಾಗ ಆ ವಿಧಿ ನೆನಪಾಗುವದು, ಪಂಕ್ತಿಯ ಹೊತ್ತಿಗೆ ಮರೆಯುವದು. ಹರಳಯ್ಯನ ಕಥೆಯನ್ನು ಪ್ರತಿ ವರ್ಷ ಕೇಳುವ ನಮ್ಮ ಕೂಡಲಸಂಗಮದ ಪ್ರಾಂತದವರಾದರೂ ಆ ಪೆವಿಲಿಯನ್ನಿನಲ್ಲಿದ್ದರೆ ಬೇರೆ ರೀತಿಯಾಗಿ ನಡೆಯುತ್ತಿದ್ದರೆಂದು ಎದೆತಟ್ಟಿ ಹೇಳಲಾರೆನು.

ಏಳು ಬಲಿಗಳ ಸಂಗತಿ ಸಾತಾರೆಯದು. ಅಲ್ಲಿಯ ಬಿಳಿಯರ ಜಿಮಖಾನೆಯವರು ಬಾಳೂ ಅವರ ತಿರುವಿಗೆ ಅಂಜಿ, ಪಂದ್ಯಕ್ಕೆ ಮುಂಚೆ ಒಂದು ವಾರ ಅಂಕಣಕ್ಕೆ ಉರುಳೆಳೆಸಿ ಗಟ್ಟಿಮಾಡಿಸಿದ್ದರು. ಉಪಯೋಗವಾಗಲಿಲ್ಲ. ಪುಣೆಯ ಹಿಂದೂಗಳು ಗೆದ್ದರು. ಗೆದ್ದುಬಂದವರಿಗೆ ಪುಣೆಯಲ್ಲಿ ಸತ್ಕಾರವಾಯಿತು. ಬಾಳೂ ಅವರ ಕೊರಳಿಗೂ ಹೂವಿನ ಮಾಲೆ ಬಿತ್ತು. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು, ಜೊತೆಗೆ ಆಡಲು ಅಡ್ಡಿಯಿಲ್ಲದವರಿಗೆ ಜೊತೆಗೆ ಉಣ್ಣಲು ಏನು ಅಡ್ಡಿಯೆಂದು ಆಟಗಾರರನ್ನು ಕೇಳಿದರಂತೆ. ಉತ್ತರವನ್ನು ಯಾರೂ ಬರೆದಿಟ್ಟಂತೆ ತೋರುವದಿಲ್ಲ.

೧೮೯೬ರಲ್ಲಿ ಪ್ಲೇಗು ಹಬ್ಬಿದ ಕಾಲಕ್ಕೆ ಅವರು ಪುಣೆಯನ್ನು ಬಿಟ್ಟು ಮುಂಬಯಿಗೆ ಹೋದರು. ಇಲ್ಲಿಂದ ಮುಂದೆ ಅವರ ಬಾಳು ಹಲವು ಯಜಮಾನರ ಬಾಗಿಲುಗಳ ನಡುವೆ ಸಾಗಿತು. ೧೧೨ನೆಯ ಕಾಲ್ದಳದ ಪರವಾಗಿ ಆಡಿದರು. ೧೮೯೪ರಲ್ಲಿ ಸ್ಥಾಪನೆಯಾಗಿದ್ದ ಪರಮಾನಂದದಾಸ ಜೀವನದಾಸ ಹಿಂದೂ ಜಿಮಖಾನೆಯನ್ನು, ಕೆಲವು ಗುಜರಾತಿ ಸದಸ್ಯರ ವಿರೋಧವನ್ನು ದಾಟಿ, ಸೇರಿದರು. ಬಾಂಬೆ ಬರೋಡಾ ಮತ್ತು ಸೆಂಟ್ರಲ್ ಇಂಡಿಯಾ ರೇಲ್ವೆ ಕಂಪನಿಯಲ್ಲಿ ಚಾಕರಿ ಹಿಡಿದು ಆ ಕಂಪನಿಯ ತಂಡಕ್ಕೂ ಎಸೆದರು. ೧೯೦೧ರಲ್ಲಿ ಬಂಗಾಲದ ನಾಟೋರ ಮಹಾರಾಜರ ತಂಡದಲ್ಲಿ ಕಾಣಿಸಿಕೊಂಡರು. ಕ್ಲಬ್ಬು, ಪಲ್ಟಣ, ಜಿಮಖಾನೆ, ರೇಲ್ವೆ, ಸಂಸ್ಥಾನಿಕರು: ಕೈ ಒಂದೇ, ಕೂಲಿ ಕೊಡುವವರು ಬೇರೆ ಬೇರೆ.

೧೯೦೬ನೆಯ ಇಸವಿಯ ಫೆಬ್ರವರಿ ತಿಂಗಳಲ್ಲಿ ಮುಂಬಯಿಯಲ್ಲಿ ನಡೆದ ಪಂದ್ಯವು ಪ್ರಸಿದ್ಧವಾದದ್ದು. ಒಂದು ಕಡೆಗೆ ಇಲಾಖೆಯ ಬಿಳಿಯರು. ಇನ್ನೊಂದು ಕಡೆಗೆ ಹಿಂದೂಗಳು. ವಂಗಭಂಗದ ಮರುವರ್ಷ, ಸ್ವದೇಶಿಯ ಕಾವು ಏರಿದ್ದ ಕಾಲ. ಹಿಂದೂಗಳು ಮೊದಲು ೨೪೨ ಓಟಗಳನ್ನು ಮಾಡಿದರು, ಬಿಳಿಯರು ೧೯೧. ಎರಡನೆಯ ಸರದಿಯಲ್ಲಿ ಹಿಂದೂಗಳದು ೧೬೦ ಆಯಿತು. ಗೆಲ್ಲಲು ೨೧೨ ಬೇಕಾಗಿದ್ದ ಬಿಳಿಯರು ೧೦೨ಕ್ಕೆ ಮುಗಿದರು. ೧೦೯ ಓಟಗಳ ಜಯ. ಬಾಳೂ ಅವರು ಮೊದಲ ಸರದಿಯಲ್ಲಿ ೪೧ ಓಟಗಳಿಗೆ ೩, ಎರಡನೆಯದರಲ್ಲಿ ೩೭ ಓಟಗಳಿಗೆ ೫ ಬಲಿಗಳನ್ನು ಪಡೆದರು. ಮರುವರ್ಷವೂ ಹಿಂದೂಗಳೇ ಗೆದ್ದರು. ‘ಇಂಡಿಯನ್ ಸೋಶಲ್ ರಿಫಾರ್ಮರ್’ ಪತ್ರಿಕೆಯು ಈ ಜಯವನ್ನು ಕುರಿತು ಬರೆಯುತ್ತ, ಓಟಗಳ ಲೆಕ್ಕಕ್ಕಿಂತ ಬೇರೊಂದು ಲೆಕ್ಕವನ್ನು ಎತ್ತಿ ತೋರಿಸಿತು. ಪುಣೆಯಲ್ಲಿ ಪೆವಿಲಿಯನ್ನಿನ ಹೊರಗೆ ಚಹ ಕುಡಿದವರನ್ನು ಮುಂಬಯಿಯ ಹಿಂದೂ ಜಿಮಖಾನೆಯವರು ಒಳಗೆ ಕರೆದು ಜೊತೆಗೆ ಊಟಕ್ಕೆ ಕೂಡಿಸಿಕೊಂಡದ್ದೇ ಆ ಲೆಕ್ಕ. ಗೆಲುವು ಬೇಕಾಗಿದ್ದರಿಂದ ಪಂಕ್ತಿಯ ಗೆರೆ ಅಳಿಯಿತೋ, ಗೆರೆ ಅಳಿದ ಧೈರ್ಯದಿಂದ ಗೆಲುವು ಬಂದಿತೋ, ಪಂಡಿತರು ಚರ್ಚಿಸಲಿ. ಮೊದಲಿನದೇ ನಿಜವೆಂದು ನನ್ನ ಮತ.

೧೯೧೧ರಲ್ಲಿ ಮೊಟ್ಟಮೊದಲು ಎಲ್ಲ ಮತದವರೂ ಕೂಡಿದ ಹಿಂದುಸ್ಥಾನದ ತಂಡವೊಂದು ಇಂಗ್ಲಂಡಕ್ಕೆ ಹೊರಟಿತು. ಪಟಿಯಾಲಾ ಮಹಾರಾಜ ಭೂಪಿಂದರಸಿಂಗರು ನಾಯಕರು. ಬೆಂಗಳೂರಿನ ಬಿ. ಜಯರಾಮ ಅವರೂ ತಂಡದಲ್ಲಿದ್ದರು. ಬಾಳೂ ಅವರ ಜೊತೆಗೆ ತಮ್ಮ ಶಿವರಾಮನೂ ಇದ್ದನು. ಆ ವರ್ಷ ಐದನೆಯ ಜಾರ್ಜನ ಪಟ್ಟಾಭಿಷೇಕ. ಮಹಾರಾಜರಿಗೆ ಆಟಕ್ಕಿಂತ ಔತಣಗಳು ಹೆಚ್ಚಾದವು. ತಂಡದ ಅತ್ಯುತ್ತಮ ದಾಂಡಿಗನಾದ ಪಾರಸಿ ಮಿಸ್ತ್ರಿಯವರನ್ನೂ ತಮ್ಮ ಸೇವೆಗೆಂದು ಎಳೆದುಕೊಂಡು ಹೋದರು. ಉಳಿದವರು ಅಪರಿಚಿತ ನೆಲದಲ್ಲಿ, ಊರಿಂದೂರಿಗೆ ತಿರುಗಿ ಸೋಲುತ್ತ ನಡೆದರು. ೧೪ ಪ್ರಥಮ ದರ್ಜೆಯ ಪಂದ್ಯಗಳಲ್ಲಿ ೧೦ ಸೋಲು, ೨ ಸಮ, ೨ ಗೆಲುವು.

ಈ ಸೋಲಿನ ನಡುವೆ ಎಡಗೈಯೊಂದು ಬೇಸಿಗೆಯುದ್ದಕ್ಕೂ ನಿಲ್ಲದೆ ತಿರುಗಿತು. ಕೇಂಬ್ರಿಜ್ ವಿಶ್ವವಿದ್ಯಾಲಯದ ಇದಿರು ೧೦೩ ಓಟಗಳಿಗೆ ೮ ಬಲಿಗಳು. ಲೀಸ್ಟರ್‌ಶಯರಿನ ಇದಿರು ಎರಡು ಸರದಿಗಳಲ್ಲಿ ೧೧. ಆ ಪಂದ್ಯವೇ ಹಿಂದುಸ್ಥಾನದವರ ಮೊದಲನೆಯ ಗೆಲುವು. ಎರಡನೆಯ ಗೆಲುವು ಸಾಮರ್ಸೆಟ್ಟಿನ ಮೇಲೆ ಬಂದಿತು. ಅಲ್ಲಿ ಶಿವರಾಮನ ದಾಂಡು ಶತಕ ಬಾರಿಸಿತು. ಪ್ರವಾಸದ ಒಟ್ಟು ಪಂದ್ಯಗಳಲ್ಲಿ ಬಾಳೂ ಅವರು ಪಡೆದ ಬಲಿಗಳು ೧೧೪. ಅವುಗಳಲ್ಲಿ ಪ್ರಥಮ ದರ್ಜೆಯವು ೭೫, ಒಂದೊಂದಕ್ಕೆ ತೆತ್ತ ಓಟಗಳು ಸರಾಸರಿ ೨೦.೧೨. ಆಗ ಅವರಿಗೆ ೩೫ ವರ್ಷ. ಭುಜದ ನೋವನ್ನು ಹೊತ್ತುಕೊಂಡೇ ಎಸೆದರು. ಇಷ್ಟು ದೊಡ್ಡ ಭಾರವನ್ನು ಒಬ್ಬನ ಮೇಲೆ ಹೊರಿಸಿ, ತಾವು ಔತಣಕ್ಕೆ ಹೋದ ನಾಯಕರನ್ನು ಏನೆನ್ನಬೇಕು? ಇಂಥ ಪ್ರಭುಗಳು ನಮ್ಮ ಪುರಾಣಗಳಲ್ಲಿಯೂ ವಿರಳ.

ಊರಿಗೆ ಮರಳಿದ ಮೇಲೆ ಮುಂಬಯಿಯ ದಲಿತ ಸಮಾಜದವರು ಅವರನ್ನು ಸತ್ಕರಿಸಿದರು. ಆ ಸಭೆಯ ಮಾನಪತ್ರದ ಹಿಂದೆ ಇದ್ದವನು ಎಲ್ಫಿನ್‌ಸ್ಟನ್ ಕಾಲೇಜಿನ ವಿದ್ಯಾರ್ಥಿಯೊಬ್ಬ, ಇಪ್ಪತ್ತು ವರ್ಷದ ತರುಣ. ಹೆಸರು ಭೀಮರಾವ್ ರಾಮಜಿ ಅಂಬೇಡಕರ. ಈ ಹೆಸರು ಮುಂದೆ ಮತ್ತೆ ಬರುವದು.

ಬಾಳೂ ಅವರಿಗೆ ದೊರೆಯದೆ ಹೋದ ಒಂದು ವಸ್ತುವೆಂದರೆ ನಾಯಕತ್ವ. ಶಿವರಾಮ, ಗಣಪತ, ವಿಠ್ಠಲ ಎಂಬ ಮೂವರು ತಮ್ಮಂದಿರೂ ಹಿಂದೂ ತಂಡಕ್ಕೆ ಆಡಿದರು. ವರ್ಷಗಟ್ಟಲೆ ಆ ತಂಡದ ಬೆನ್ನೆಲುಬೇ ಈ ನಾಲ್ವರು. ಆದರೆ ನಾಯಕನನ್ನು ಆರಿಸುವ ದಿನ ಬಂದಾಗ ಕಣ್ಣುಗಳು ಬೇರೆ ಕಡೆಗೆ ತಿರುಗುತ್ತಿದ್ದವು. ೧೯೧೩ರಲ್ಲಿ ನಾಯಕರಾಗಿದ್ದ ಎಂ. ಡಿ. ಪೈಯವರೇ, ತಮಗಿಂತ ಹಿರಿಯರಾದ ಬಾಳೂ ಅವರಿಗೆ ಆ ಮಾನ ಸಲ್ಲಬೇಕಾಗಿತ್ತೆಂದು ಸಭೆಯಲ್ಲಿ ಹೇಳಿದರು. ಸಾರಸ್ವತ ಬ್ರಾಹ್ಮಣರಾದ ಪೈಯವರ ಈ ಮಾತನ್ನು ನಾನು ಆದರದಿಂದ ನೆನೆಯುವೆನು. ೧೯೨೦ರಲ್ಲಿ ಹಿರಿಯ ಬಾಳೂ ಅವರನ್ನು ತಂಡದಿಂದಲೇ ಕೈಬಿಟ್ಟು, ನಾಯಕತ್ವವನ್ನು ಅವರ ತಮ್ಮಂದಿರಿಗೂ ತಪ್ಪಿಸಿದಾಗ ಶಿವರಾಮ-ವಿಠ್ಠಲರು ಜಾತಿಭೇದವನ್ನು ಕಾರಣವಾಗಿ ಹೇಳಿ ಆಡಲೊಲ್ಲೆವೆಂದು ಹೊರನಡೆದರು. ಊರೆಲ್ಲ ಗದ್ದಲವೆದ್ದಿತು. ಮುಂದಿನ ಪಂದ್ಯಕ್ಕೆ ತಮ್ಮಂದಿರು ಮರಳಿದರು. ಬಾಳೂ ಅವರೂ ಉಪನಾಯಕರಾಗಿ ಬಂದರು. ಪೈಯವರು ಕೆಲ ಹೊತ್ತು ಬಯಲನ್ನು ಬಿಟ್ಟಾಗ ತಂಡವನ್ನು ನಡೆಯಿಸಿದವರು ಬಾಳೂ ಅವರೇ. ನಾಲ್ವತ್ತನಾಲ್ಕರ ವಯಸ್ಸಿನಲ್ಲಿ ಅಷ್ಟು ಹೊತ್ತಿನ ಯಜಮಾನಿಕೆ! ೧೯೨೩ರಲ್ಲಿ ವಿಠ್ಠಲನಿಗೆ ನಾಯಕತ್ವವು ದೊರೆತು, ಅವನ ಕೈಕೆಳಗೆ ಹಿಂದೂಗಳು ಬಿಳಿಯರನ್ನು ಸೋಲಿಸಿದರು.

ಒಟ್ಟು ೩೩ ಪ್ರಥಮ ದರ್ಜೆಯ ಪಂದ್ಯಗಳಲ್ಲಿ ೧೭೯ ಬಲಿಗಳು, ಒಂದಕ್ಕೆ ಸರಾಸರಿ ೧೫.೨೧ ಓಟಗಳು: ಇದು ದಾಖಲೆಯಲ್ಲಿ ಉಳಿದ ಅವರ ದುಡಿಮೆ. ಬಲೆಯ ಮುಂದೆ ನಾಲ್ಕು ರೂಪಾಯಿಗೆ ಎಸೆದ ಚೆಂಡುಗಳಿಗೆ ಲೆಕ್ಕವಿಲ್ಲ.

ಅದೇ ಹಳೆಯ ಧಾರವಾಡ ಜಿಲ್ಲೆಗೆ ಸೇರಿದ್ದ ಗದಗಿನಲ್ಲಿ ೧೯೭೦ರಲ್ಲಿ ಇನ್ನೊಬ್ಬ ಎಡಗೈಯ ನಿಧಾನ ಎಸೆಗಾರರು ಹುಟ್ಟಿದರು, ಸುನೀಲ ಜೋಶಿಯವರು. ನಸುಕಿನಲ್ಲಿ ಗದಗಿನಿಂದ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಶಾಲೆಯ ಗಂಟೆಗೆ ಮರಳಿ ಬರುತ್ತಿದ್ದ ಈ ಹುಡುಗ ೧೯೯೬ರಲ್ಲಿ ಇಂಗ್ಲಂಡದ ಬರ್ಮಿಂಗ್‌ಹ್ಯಾಮಿನಲ್ಲಿ ದೇಶದ ಪರವಾಗಿ ಆಡಿದನು. ೧೯೯೯ರ ಸಪ್ಟೆಂಬರದಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ಇದಿರು ೧೦ ಓವರುಗಳಲ್ಲಿ ೬ ಓಟಗಳನ್ನಷ್ಟೇ ಕೊಟ್ಟು ೫ ಬಲಿ ಪಡೆದದ್ದು ನಮ್ಮ ಊರಿನ ಹುಡುಗರಿಗೂ ಬಾಯಿಪಾಠ. ಆಟ ಮುಗಿದ ಮೇಲೆ ಹೈದರಾಬಾದ, ಜಮ್ಮು-ಕಾಶ್ಮೀರ, ಅಸಾಮ, ಹೊರನಾಡಿನ ಬಾಂಗ್ಲಾದೇಶ ಹೀಗೆ ತಂಡದಿಂದ ತಂಡಕ್ಕೆ ಗುರುವಾಗಿ ತಿರುಗಿದರು. ೨೦೨೦ರಲ್ಲಿ ದೇಶದ ತಂಡವನ್ನು ಆರಿಸುವ ಸಮಿತಿಗೆ ಅಧ್ಯಕ್ಷರಾದರು. ಬಾಳೂ ಅವರು ಆಯ್ಕೆಯ ಮೇಜಿನ ಹೊರಗೆ ನಿಂತವರು. ಅದೇ ವಿದ್ಯೆಯ, ಅದೇ ಜಿಲ್ಲೆಯ ಜೋಶಿಯವರು ಅದೇ ಮೇಜಿನ ತಲೆಯಲ್ಲಿ ಕುಳಿತವರು. ನಡುವೆ ಒಂದು ನೂರು ವರ್ಷ.

ಇನ್ನು ಬಾಳೂ ಅವರ ಉತ್ತರವಯಸ್ಸಿನ ಸಂಗತಿ. ೧೯೩೨ರ ಆಗಸ್ಟಿನಲ್ಲಿ ಬ್ರಿಟಿಷ್ ಸರಕಾರವು ದಲಿತವರ್ಗಗಳಿಗೆ ಪ್ರತ್ಯೇಕ ಮತದಾರ ಸಂಘಗಳನ್ನು ಕೊಟ್ಟಿತು. ಅದನ್ನು ವಿರೋಧಿಸಿ ಗಾಂಧೀಜಿಯವರು ಯರವಡಾ ಸೆರೆಮನೆಯಲ್ಲಿ ಸಪ್ಟೆಂಬರ ೨೦ರಿಂದ ಉಪವಾಸ ಹಿಡಿದರು. ಬಾಳೂ ಅವರು ಎಂ. ಸಿ. ರಾಜಾ ಅವರೊಡನೆ ಕೂಡಿ ಸಂಯುಕ್ತ ಮತದಾನದ ಪಕ್ಷವನ್ನು ಹಿಡಿದು ಸಂಧಾನಕ್ಕಾಗಿ ಓಡಾಡಿದರು. ಸಪ್ಟೆಂಬರ ೨೪ರ ಪುಣೆಯ ಒಪ್ಪಂದದಲ್ಲಿ ಪ್ರಾಂತೀಯ ಶಾಸನಸಭೆಗಳ ಮೀಸಲು ಸ್ಥಾನಗಳು ೭೧ರಿಂದ ೧೪೮ಕ್ಕೆ ಏರಿದವು. ಪ್ರತ್ಯೇಕ ಮತದಾನ ಹೋಯಿತು. ಅಂಬೇಡಕರರು ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದರು. ಬಾಳೂ ಅವರು ಮುಂದಿನ ವರ್ಷ ಮುಂಬಯಿಯ ನಗರಸಭೆಯ ಚುನಾವಣೆಗೆ ಹಿಂದೂ ಮಹಾಸಭೆಯ ಪರವಾಗಿ ನಿಂತು ಸೋತರು. ೧೯೩೭ರಲ್ಲಿ ಪ್ರಾಂತೀಯ ಶಾಸನಸಭೆಯ ಚುನಾವಣೆಯಲ್ಲಿ ಕಾಂಗ್ರೆಸ್ಸು ಅವರನ್ನು ನಿಲ್ಲ ಹೇಳಿತು. ಇದಿರಾಳಿ ಸ್ವತಃ ಡಾಕ್ಟರ್ ಅಂಬೇಡಕರರು! ಮಾನಪತ್ರವನ್ನಿತ್ತ ತರುಣನೂ ಅದನ್ನು ಸ್ವೀಕರಿಸಿದ ವೀರನೂ ಮತಪೆಟ್ಟಿಗೆಯ ಎರಡು ಮಗ್ಗುಲಲ್ಲಿ ನಿಂತರು. ಅಂಬೇಡಕರರಿಗೆ ೧೩,೨೪೫ ಮತಗಳು, ಬಾಳೂ ಅವರಿಗೆ ೧೧,೨೨೫.

ಈ ಸಂಗತಿಯನ್ನು ಹಿಡಿದು ಬಾಳೂ ಅವರನ್ನು ಹಳಿಯುವವರಿದ್ದಾರೆ. ಕಾಂಗ್ರೆಸ್ಸು ಬಿಳಿಯರನ್ನು ಸೋಲಿಸಲು ಕರೆತಂದ ಎಸೆಗಾರನಂತೆ ಇಲ್ಲಿಯೂ ಅವರ ಕೈಯನ್ನು ಬಾಡಿಗೆಗೆ ಹಿಡಿಯಿತೆಂಬದು ಅವರ ಮಾತು. ಅದರಲ್ಲಿ ಸತ್ಯಾಂಶವುಂಟು, ಅಂಬೇಡಕರರ ಇದಿರು ನಿಲ್ಲಿಸಲು ಆ ಹೆಸರೇ ಬೇಕಾಗಿತ್ತು, ಬೇರೆ ಹೆಸರು ಸಾಲುತ್ತಿರಲಿಲ್ಲ. ಆದರೆ ಇಷ್ಟರಿಂದಲೇ ಅವರಿಗೆ ಸ್ವಂತ ಅಭಿಪ್ರಾಯವೇ ಇರಲಿಲ್ಲವೆಂದು ತೀರ್ಮಾನಿಸುವದು ಅನ್ಯಾಯ. ಹೊರಗಿನ ಕುಡಿಕೆಯಿಂದ ಒಳಗಿನ ಪಂಕ್ತಿಗೆ ಬರುವವರೆಗಿನ ದಾರಿಯನ್ನು ಅವರು ಒಂದೇ ತಂಡದೊಳಗಿದ್ದು ನಡೆದವರು. ಕೂಡಿಯೇ ಆಡಬೇಕೆಂಬ ಪಕ್ಷವು ಅವರ ಅನುಭವದಿಂದಲೇ ಹುಟ್ಟಿರಬೇಕು. ಆ ದಾರಿಯು ಮೂವತ್ತು ವರ್ಷ ಹಿಡಿಯಿತೆಂಬದನ್ನು ಲೆಕ್ಕ ಹಾಕಿದವರು ಅಂಬೇಡಕರರು. ಕೋಟಿಗಟ್ಟಲೆ ಜನ ಅಷ್ಟು ಕಾಯಲಾರರೆಂಬದು ಅವರ ಅಭಿಪ್ರಾಯ. ಮತದಾರರು ಆ ಕಡೆಗೇ ಹೆಚ್ಚು ಒಲಿದರು.

ತಮ್ಮ ವಿಠ್ಠಲನು ೧೯೪೮ರಲ್ಲಿ ತನ್ನ ಆಟದ ಜೀವನವನ್ನು ಕುರಿತು ಮರಾಠಿಯಲ್ಲಿ ಒಂದು ಪುಸ್ತಕವನ್ನು ಬರೆದನು. ಅಣ್ಣನ ಬಾಲ್ಯದ ಸಂಗತಿಗಳು ಉಳಿದುಬಂದದ್ದಕ್ಕೆ ಅದೂ ಒಂದು ಕಾರಣ. ಪಾಲವಣಕರ ಬಾಳೂ ಅವರು ೧೯೫೫ನೆಯ ಇಸವಿ ಜುಲೈ ೪ರಂದು ಮುಂಬಯಿಯಲ್ಲಿ ತೀರಿಕೊಂಡರು. ಸಾಂತಾಕ್ರೂಜಿನಲ್ಲಿ ಆದ ಅಂತ್ಯಕ್ರಿಯೆಗೆ ದಲಿತ ಮುಖಂಡರೂ ಕ್ರಿಕೆಟ್ಟಿನ ಆಟಗಾರರೂ ಕೂಡಿಬಂದಿದ್ದರು.